ಆಂಡ್ರ್ಯೂ–ಆಲಿಸ್ ದಂಪತಿಯ ಬಗ್ಗೆ ಒಂದೇ ಸಾಲಿನ ತೀರ್ಪು ಸಲ್ಲದು

ಮಾನ್ಯ ಸಂಪಾದಕರಿಗೆ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಲಾರ್ಡ್ ಮೌಂಟ್‌ಬ್ಯಾಟನ್ ಅವರನ್ನು ಕುರಿತು ಬಂದ ಲೇಖನ ಓದಿದೆ. ದೇಶವಿಭಜನೆಯ ದಿನಗಳ ಬಗ್ಗೆ ಲೇಖಕರು ಬರೆದಿರುವುದರಲ್ಲಿ ನನ್ನ ತಕರಾರೇನೂ ಇಲ್ಲ. ಆದರೆ ಮೌಂಟ್‌ಬ್ಯಾಟನ್ನರ ಅಕ್ಕ ಆಲಿಸ್ ಮತ್ತು ಭಾವ, ಗ್ರೀಸಿನ ರಾಜಕುಮಾರ ಆಂಡ್ರ್ಯೂ, ಇವರಿಬ್ಬರ ಬದುಕನ್ನು ಅವರು ಒಂದೇ ವಾಕ್ಯದಲ್ಲಿ ಮುಗಿಸಿಬಿಟ್ಟಿದ್ದಾರೆ: ಗಂಡ ದೇಶ ಬಿಟ್ಟು ಓಡಿಹೋದ ವಿಲಾಸಿ, ಹೆಂಡತಿ ಹುಚ್ಚಿ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ ನನಗೆ ಆ ವಾಕ್ಯವನ್ನು ಓದಿ ಸುಮ್ಮನಿರಲು ಆಗಲಿಲ್ಲ.

ಆಂಡ್ರ್ಯೂ ಓಡಿಹೋದವರಲ್ಲ, ವಿಚಾರಣೆಗೆ ಗುರಿಯಾಗಿ ಗಡೀಪಾರಾದವರು. ಅವರು 1882ರಲ್ಲಿ ಅಥೆನ್ಸಿನ ಹೊರಗಿನ ತಾತೊಯ್ ಅರಮನೆಯಲ್ಲಿ ಹುಟ್ಟಿದರು. ತಂದೆ ಒಂದನೆಯ ಜಾರ್ಜ್, ಹದಿಹರೆಯದಲ್ಲೇ ಡೆನ್ಮಾರ್ಕಿನಿಂದ ಬಂದು ಗ್ರೀಸಿನ ಪಟ್ಟವೇರಿದವರು. ತಾಯಿ ರಷ್ಯಾದ ರಾಜಮನೆತನದ ಓಲ್ಗಾ. ಹೀಗಿದ್ದೂ ತಂದೆತಾಯಿಯೊಡನೆ ಗ್ರೀಕ್ ಬಿಟ್ಟು ಬೇರೆ ಭಾಷೆಯಲ್ಲಿ ಮಾತಾಡಲೊಲ್ಲೆನೆಂದು ಹಟ ಹಿಡಿದ ಹುಡುಗ ಅವರು. ಮುಂದೆ ಸೇನೆ ಸೇರಿದರು. 1921ರಲ್ಲಿ ಗ್ರೀಕ್ ಸೇನೆ ಈಗಿನ ತುರ್ಕಿಯ ಅನತೋಲಿಯಾದ ಒಳನಾಡಿಗೆ ನುಗ್ಗಿ ಸಕಾರ್ಯ ನದಿಯ ದಂಡೆಯಲ್ಲಿ ತುರ್ಕರನ್ನು ಎದುರಿಸಿದಾಗ ಆಂಡ್ರ್ಯೂ ಅದರ ಎರಡನೆಯ ದಳದ ದಂಡನಾಯಕರಾಗಿದ್ದರು. ಮೇಲಿನಿಂದ ಬಂದ ದಾಳಿಯ ಆಜ್ಞೆ ಅವಿವೇಕದ್ದೆಂದು ತೋರಿ ಅದನ್ನು ಅವರು ಪಾಲಿಸಲಿಲ್ಲ, ತಮ್ಮ ಯೋಜನೆಯಂತೆಯೇ ನಡೆದರು. ಸೈನಿಕನ ಪಾಲಿಗೆ ಇದು ತಪ್ಪೇ, ಅಲ್ಲವೆನ್ನಲಾರೆ. ಆದರೆ ಗ್ರೀಕ್ ಸೇನೆ ನೆಲಕಚ್ಚಿದ್ದು, ಅಲ್ಲಿನ ಕರಾವಳಿಯ ಸ್ಮಿರ್ನಾ ನಗರ ಸುಟ್ಟುಹೋದದ್ದು, ಹತ್ತು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಕಳೆದುಕೊಂಡು ಗ್ರೀಸಿಗೆ ಬಂದು ಬಿದ್ದದ್ದು, ಇವೆಲ್ಲ ಆದದ್ದು ಅದರ ಮರುವರ್ಷ. ಆಗ ಆಂಡ್ರ್ಯೂ ಆ ರಣರಂಗದಲ್ಲಿ ಇರಲೇ ಇಲ್ಲ.

ಸೋಲಿನ ಹೊಣೆ ಯಾರದಾದರೂ ತಲೆಯ ಮೇಲೆ ಬೀಳಲೇಬೇಕಿತ್ತು. 1922ರ ಸೆಪ್ಟೆಂಬರಿನಲ್ಲಿ ಅಧಿಕಾರ ಹಿಡಿದ ಸೇನಾಧಿಕಾರಿಗಳು ನವೆಂಬರ್ 28ರಂದು ಆರು ಜನರನ್ನು ಗುಂಡಿಟ್ಟು ಕೊಂದರು. ಅವರಲ್ಲಿ ಮೂವರು ಪ್ರಧಾನಿಗಳಾಗಿದ್ದವರು. ಮುಂದಿನ ಸರದಿ ಆಂಡ್ರ್ಯೂ ಅವರದೆಂದೇ ಎಲ್ಲರೂ ಹೆದರಿದ್ದರು. ಬ್ರಿಟನ್ನಿನ ಒತ್ತಡದಿಂದ ತಲೆ ಉಳಿಯಿತು, ಸೇನಾ ಪದವಿ ಹೋಯಿತು, ಜೀವಾವಧಿ ಗಡೀಪಾರಾಯಿತು. ‘ಕ್ಯಾಲಿಪ್ಸೊ’ ಎಂಬ ಬ್ರಿಟಿಷ್ ಯುದ್ಧನೌಕೆ ಅವರನ್ನು ಹತ್ತಿಸಿಕೊಂಡು ಕೊರ್ಫು ದ್ವೀಪಕ್ಕೆ ಹೋಗಿ ಹೆಂಡತಿ ಮಕ್ಕಳನ್ನೂ ಕರೆದೊಯ್ದಿತು. ನಾಲ್ವರು ಹೆಣ್ಣುಮಕ್ಕಳ ಬೆನ್ನಿಗೆ ಹುಟ್ಟಿದ ಒಂದೂವರೆ ವರ್ಷದ ಫಿಲಿಪ್‌ನನ್ನು (ಮುಂದೆ ಬ್ರಿಟನ್ನಿನ ಎಲಿಜಬೆತ್ ರಾಣಿಯ ಪತಿಯಾದವರು ಇವರೇ) ಹಡಗಿನಲ್ಲಿ ಮಲಗಿಸಿದ್ದು ಹಣ್ಣು ತುಂಬುವ ಪೆಟ್ಟಿಗೆಯಲ್ಲಿ. ಮುಂದೆ ಪ್ಯಾರಿಸ್ ಬಳಿಯ ಸೇಂಟ್ ಕ್ಲೂವಿನಲ್ಲಿ ಆಲಿಸ್‌ರ ಓರಗಿತ್ತಿ ಮರೀ ಬೊನಪಾರ್ಟ್ ಬಿಟ್ಟುಕೊಟ್ಟ ಮನೆಯಲ್ಲಿ, ಬಂಧುಗಳು ಕೊಟ್ಟದ್ದರಲ್ಲಿ ಸಂಸಾರ ಸಾಗಿತು.

ಆಲಿಸ್ ವಿಷಯಕ್ಕೆ ಬರುತ್ತೇನೆ, ಈ ಪತ್ರ ಬರೆಯಲು ಮುಖ್ಯ ಕಾರಣ ಅವರೇ. 1885ರಲ್ಲಿ ವಿಂಡ್ಸರ್ ಕೋಟೆಯಲ್ಲಿ, ಮುತ್ತಜ್ಜಿ ವಿಕ್ಟೋರಿಯಾ ರಾಣಿಯ ಸಮ್ಮುಖದಲ್ಲಿ ಹುಟ್ಟಿದ ಈ ಹೆಣ್ಣುಮಗಳು ಹುಟ್ಟು ಕಿವುಡಿ. ತುಟಿಯ ಚಲನೆ ನೋಡಿಯೇ ಇಂಗ್ಲಿಷ್, ಜರ್ಮನ್ ಕಲಿತು, ಮದುವೆಯಾದ ಮೇಲೆ ಗ್ರೀಕನ್ನೂ ಕಲಿತರು. ಬಾಲ್ಕನ್ ಯುದ್ಧದ ಕಾಲದಲ್ಲಿ ಗಾಯಾಳು ಸೈನಿಕರ ಶುಶ್ರೂಷೆ ಮಾಡಿದರು. ಗಡೀಪಾರಿನ ವರ್ಷಗಳಲ್ಲಿ ಗ್ರೀಕ್ ನಿರಾಶ್ರಿತರ ನೆರವಿಗಾಗಿ ಪ್ಯಾರಿಸ್ಸಿನ ಅಂಗಡಿಯೊಂದರಲ್ಲಿ ದುಡಿದರು. ಸಕಾರ್ಯದ ಬಗ್ಗೆ ಗಂಡ ತನ್ನ ಸಮರ್ಥನೆಗೆ ಬರೆದ ಪುಸ್ತಕವನ್ನು ಇಂಗ್ಲಿಷಿಗೆ ತಂದವರೂ ಅವರೇ. 1930ರ ಹೊತ್ತಿಗೆ ತಮಗೆ ದೈವದ ಸಂದೇಶ ಬರುತ್ತಿದೆ, ರೋಗ ಗುಣಪಡಿಸುವ ಶಕ್ತಿ ಇದೆ ಎಂದು ಅವರು ನಂಬತೊಡಗಿದರು. ಮನಸ್ಸು ಬಳಲಿದ್ದು ನಿಜ. ವೈದ್ಯರು ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಎಂದರು, ಮಕ್ಕಳಿಂದ ಬೇರ್ಪಡಿಸಿ ಸ್ವಿಟ್ಜರ್ಲೆಂಡಿನ ಕ್ರಾಯ್ಟ್ಸ್‌ಲಿಂಗೆನ್ ಆಸ್ಪತ್ರೆಗೆ ಸೇರಿಸಲಾಯಿತು. ಸಲಹೆ ಕೇಳಿದಾಗ ಮನೋವಿಶ್ಲೇಷಣೆಯ ಪ್ರವರ್ತಕ ಸಿಗ್ಮಂಡ್ ಫ್ರಾಯ್ಡ್ ಸೂಚಿಸಿದ್ದು ಆಕೆಯ ಅಂಡಾಶಯಗಳಿಗೆ ಎಕ್ಸ್‌ರೇ ಹಾಯಿಸುವುದನ್ನು! ತಾನು ಸ್ವಸ್ಥಳೆಂದು ಹೇಳುತ್ತಲೇ, ತಪ್ಪಿಸಿಕೊಳ್ಳಲು ಯತ್ನಿಸುತ್ತಲೇ ಎರಡು ವರ್ಷಕ್ಕೂ ಮಿಕ್ಕಿ ಅಲ್ಲಿ ಕಳೆದ ಈ ತಾಯಿಗೆ, ಅದೇ ಅವಧಿಯಲ್ಲಿ ಜರ್ಮನಿಯಲ್ಲಿ ನಡೆದ ನಾಲ್ವರು ಹೆಣ್ಣುಮಕ್ಕಳ ಮದುವೆಗಳಲ್ಲಿ ಒಂದನ್ನಾದರೂ ನೋಡುವ ಭಾಗ್ಯ ಇರಲಿಲ್ಲ.

ಆಂಡ್ರ್ಯೂ ಅವರನ್ನು ನಾನು ಸಮರ್ಥಿಸಲಾರದ ಜಾಗ ಇದು. ಅವರು ಮನೆ ಮುಚ್ಚಿ ದಕ್ಷಿಣ ಫ್ರಾನ್ಸಿಗೆ ಹೋಗಿ ನೆಲೆಸಿದರು. ಒಂಬತ್ತು ವರ್ಷದ ಫಿಲಿಪ್ ಇಂಗ್ಲೆಂಡಿನಲ್ಲಿ ಅಜ್ಜಿ ಮತ್ತು ಸೋದರಮಾವಂದಿರ ಆಶ್ರಯಕ್ಕೆ ಬಿದ್ದ. ದೇಶ ಕಳೆದುಕೊಂಡ ಗಂಡಸಿನ ಸಂಕಟ ನನಗೆ ಅರ್ಥವಾಗುತ್ತದೆ. ಹೆಂಡತಿಯನ್ನೂ ಮಗನನ್ನೂ ಕೈಬಿಟ್ಟದ್ದು ಅರ್ಥವಾಗುವುದಿಲ್ಲ. 1937ರ ನವೆಂಬರಿನಲ್ಲಿ ಮೂರನೆಯ ಮಗಳು ಸೆಸಿಲಿ, ತುಂಬು ಗರ್ಭಿಣಿ, ಗಂಡ ಮತ್ತು ಇಬ್ಬರು ಎಳೆಯ ಗಂಡುಮಕ್ಕಳ ಸಮೇತ ಬೆಲ್ಜಿಯಮ್ಮಿನ ಓಸ್ಟೆಂಡ್ ಬಳಿ ವಿಮಾನ ಅಪಘಾತದಲ್ಲಿ ತೀರಿಕೊಂಡಳು. ಆಂಡ್ರ್ಯೂ ಮತ್ತು ಆಲಿಸ್ ಆರು ವರ್ಷಗಳ ಬಳಿಕ ಪರಸ್ಪರ ಮುಖ ನೋಡಿದ್ದು ಡಾರ್ಮ್‌ಸ್ಟಾಟ್‌ನಲ್ಲಿ ನಡೆದ ಆ ಅಂತ್ಯಸಂಸ್ಕಾರದಲ್ಲಿ. ಅವರು ಮದುವೆಯಾಗಿದ್ದೂ ಅದೇ ಊರಿನಲ್ಲಿ, 1903ರಲ್ಲಿ.

ಗಡೀಪಾರಿನ ಶಿಕ್ಷೆ 1936ರಲ್ಲಿ ರದ್ದಾದರೂ ಆಂಡ್ರ್ಯೂ ಗ್ರೀಸಿನಲ್ಲಿ ನಿಲ್ಲಲಿಲ್ಲ. ಮಗ ಬ್ರಿಟಿಷ್ ನೌಕಾಪಡೆಯಲ್ಲಿ, ಅಳಿಯಂದಿರು ಜರ್ಮನ್ನರ ಕಡೆ. ಯುದ್ಧಕಾಲದಲ್ಲಿ ಫ್ರಾನ್ಸಿನಲ್ಲಿ ಸಿಕ್ಕಿಬಿದ್ದ ಅವರಿಗೆ ಮಗನನ್ನು ಮತ್ತೆ ನೋಡಲಾಗಲಿಲ್ಲ. 1944ರ ಡಿಸೆಂಬರ್ 3ರಂದು ಮಾಂಟೆ ಕಾರ್ಲೊದ ಹೋಟೆಲೊಂದರಲ್ಲಿ ತೀರಿಕೊಂಡರು. ತಂದೆಯ ಸಾಮಾನು ತರಲು ಹೋದ ಫಿಲಿಪ್‌ಗೆ ಸಿಕ್ಕಿದ್ದು ಒಂದು ಮುದ್ರೆಯುಂಗುರ, ದಂತದ ಹಿಡಿಯ ಕ್ಷೌರದ ಬ್ರಷ್ಷು, ಕೆಲವು ಬಟ್ಟೆ. ಆ ಉಂಗುರವನ್ನು ಮಗ ಅಂದಿನಿಂದ ಬೆರಳಲ್ಲಿ ತೊಟ್ಟೇ ಇದ್ದರು.

ಲೇಖನದಲ್ಲಿ ‘ಹುಚ್ಚಿ’ ಎನಿಸಿಕೊಂಡ ಆಲಿಸ್ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದರು? ನಾಜಿಗಳ ಆಕ್ರಮಣಕ್ಕೆ ಸಿಕ್ಕಿದ ಅಥೆನ್ಸಿನಲ್ಲೇ ಉಳಿದು, ಹಸಿದವರಿಗೆ ಗಂಜಿಕೇಂದ್ರ ನಡೆಸಲು ನೆರವಾಗುತ್ತ, 1943ರಿಂದ ಒಂದು ವರ್ಷಕ್ಕೂ ಹೆಚ್ಚು ಕಾಲ ಕೊಹೆನ್ ಎಂಬ ಯಹೂದಿ ಕುಟುಂಬದ ವಿಧವೆಯನ್ನೂ ಮಕ್ಕಳನ್ನೂ ತಾವಿದ್ದ ಮನೆಯಲ್ಲಿ ಅಡಗಿಸಿಟ್ಟಿದ್ದರು. ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಪೊದವರು ವಿಚಾರಿಸಲು ಬಂದಾಗ ಕಿವಿ ಕೇಳದ್ದನ್ನೇ ನೆಪ ಮಾಡಿ ಪ್ರಶ್ನೆ ಅರ್ಥವಾಗದವರಂತೆ ಕುಳಿತರು. ಅಡಗಿದ್ದವರು ಬದುಕಿದರು. ಯಹೂದಿ ನರಮೇಧದ ಸ್ಮಾರಕವಾದ ಇಸ್ರೇಲಿನ ಯಾದ್ ವಶೆಮ್ ಸಂಸ್ಥೆ 1993ರಲ್ಲಿ ಅವರನ್ನು, ಯಹೂದಿಗಳನ್ನು ಕಾಪಾಡಿದ ಅನ್ಯಧರ್ಮೀಯರಿಗೆ ಸಲ್ಲುವ ‘ಜನಾಂಗಗಳ ನಡುವಿನ ಧರ್ಮಾತ್ಮರ’ ಸಾಲಿಗೆ ಸೇರಿಸಿತು. ಯುದ್ಧಾನಂತರ ಸನ್ಯಾಸಿನಿಯ ಬೂದುಬಣ್ಣದ ಉಡುಪು ತೊಟ್ಟು ಶುಶ್ರೂಷಕಿಯರ ಸಂಘವೊಂದನ್ನು ಸ್ಥಾಪಿಸಿದರು. 1953ರಲ್ಲಿ ಸೊಸೆಯ ಪಟ್ಟಾಭಿಷೇಕಕ್ಕೂ ಅದೇ ಬಗೆಯ ಉಡುಪಿನಲ್ಲೇ ಬಂದರು. 1960ರಲ್ಲಿ ಅವರು ಭಾರತಕ್ಕೂ ಬಂದಿದ್ದರು. ಆಹ್ವಾನಿಸಿದ್ದವರು ನಮ್ಮ ಮೊದಲ ಆರೋಗ್ಯ ಸಚಿವೆ ರಾಜಕುಮಾರಿ ಅಮೃತ್ ಕೌರ್, ಇಲ್ಲಿನ ಧಾರ್ಮಿಕ ಚಿಂತನೆಯಲ್ಲಿ ಆಲಿಸ್‌ಗಿದ್ದ ಆಸಕ್ತಿ ಕಂಡು. ಅನಾರೋಗ್ಯದಿಂದ ಪ್ರವಾಸ ಅರ್ಧಕ್ಕೇ ನಿಂತಿತು. ಮರುವರ್ಷ ಫಿಲಿಪ್ ರಾಣಿಯೊಡನೆ ಬೆಂಗಳೂರಿಗೆ ಬಂದದ್ದನ್ನು ನೆನೆಯುವ ನಾವು ತಾಯಿಯ ಭೇಟಿಯನ್ನು ಮರೆತಿದ್ದೇವೆ.

1969ರ ಡಿಸೆಂಬರಿನಲ್ಲಿ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ ಆಲಿಸ್ ಕಣ್ಣುಮುಚ್ಚಿದಾಗ ಅವರದೆನ್ನುವ ವಸ್ತುವೇನೂ ಉಳಿದಿರಲಿಲ್ಲ; ಎಲ್ಲವನ್ನೂ ದಾನ ಮಾಡಿದ್ದರು. ಅವರ ಇಚ್ಛೆಯಂತೆ 1988ರಲ್ಲಿ ಅವಶೇಷಗಳನ್ನು ಜೆರುಸಲೇಮಿನ ಆಲಿವ್ ಬೆಟ್ಟಕ್ಕೆ ಒಯ್ಯಲಾಯಿತು. ಆಂಡ್ರ್ಯೂ ಅವರದು 1946ರಲ್ಲೇ ತಾತೊಯ್‌ಗೆ ಮರಳಿತ್ತು.

ಆದ್ದರಿಂದ ಆ ವಾಕ್ಯದಲ್ಲಿರುವ ‘ಓಡಿಹೋದ’ ಮತ್ತು ‘ಹುಚ್ಚಿ’ ಎಂಬ ಎರಡು ಪದಗಳಿಗೆ ತಾವು ಮುಂದಿನ ಪುರವಣಿಯಲ್ಲಿ ತಿದ್ದುಪಡಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಇತಿಹಾಸ ಅಧ್ಯಾಪಕಿ, ಶಿವಮೊಗ್ಗ