ಮಳೆಯ ಕ್ಯೋಟೋದಲ್ಲಿ ದಾರಿ ತೋರಿದವರಿಗೆ

ಕ್ಯೋಟೋ ಸ್ಟೇಷನ್ನಿನ ಬಸ್ ಸಾಲಿನಲ್ಲಿ ನಮ್ಮ ಯೋಜನೆ ತಿದ್ದಿಕೊಟ್ಟ ಹಿರಿಯರೇ, ನಿಮಗೆ ಮನಸಾರೆ ನಮಸ್ಕಾರ. ಬೆಟ್ಟದ ಕಲ್ಲುಮೆಟ್ಟಿಲು ಮಳೆಗೆ ಜಾರುತ್ತವೆ, ಸಾಂಜೂಸಾಂಗೆಂದೋ ಎಂಬ ಬೌದ್ಧ ದೇವಾಲಯಕ್ಕೆ ಹೋಗಿ ಎಂದಿರಿ. 120 ಮೀಟರ್ ಉದ್ದದ ಒಂದೇ ಸೂರಿನಡಿ ಕರುಣೆಯ ಬೋಧಿಸತ್ವ ಕನ್ನೋನ್‌ನ 1001 ವಿಗ್ರಹಗಳು! ಚಪ್ಪಲಿ ಬಿಟ್ಟೇ ಒಳಗೆ ಹೋಗಬೇಕು; ಚೀಲದಲ್ಲಿ ಒಣ ಕಾಲುಚೀಲ ಇರಲಿ ಎಂದದ್ದು ಎಷ್ಟು ಸರಿ.

ಊಟದ ವಿಷಯದಲ್ಲಂತೂ ನಿಮ್ಮ ಉಪಕಾರ ದೊಡ್ಡದು. ನಿಶಿಕಿ ಮಾರುಕಟ್ಟೆ ಸುಮಾರು 390 ಮೀಟರ್, ಉದ್ದಕ್ಕೂ ಚಾವಣಿ ಇದೆ. ಆದರೆ ನಡೆಯುತ್ತ ತಿನ್ನಬಾರದು, ಕೊಂಡ ಅಂಗಡಿಯಲ್ಲೇ ತಿಂದು ಮುಗಿಸಬೇಕು. ಸಸ್ಯಾಹಾರಿಗಳು ‘ಮಾಂಸ ಬೇಡ’ ಎಂದರೆ ಸಾಲದು. ಉದೋನ್ ಎಂಬ ದಪ್ಪ ನೂಡಲ್ಸ್ ಸಾರಿನ ಮೂಲರಸವಾದ ದಾಶಿಗೆ ಸಾಮಾನ್ಯವಾಗಿ ಒಣಮೀನಿನ ಚೂರು ಹಾಕಿರುತ್ತಾರೆ, ಕಣ್ಣಿಗೆ ಕಾಣುವುದಿಲ್ಲ. ಬರೀ ಕಡಲಪಾಚಿಯ ‘ಕೊಂಬು ದಾಶಿ’ ಇದೆಯೇ ಎಂದು ಕೇಳಬೇಕು. ಜಪಾನಿ ಲಿಪಿಯಲ್ಲಿ ನೀವು ಬರೆದುಕೊಟ್ಟ ಆ ಚೀಟಿಯಿಂದಲೇ ಅಂದು ಬಿಸಿ ಊಟ ಸಿಕ್ಕಿತು.