ನೇಮದ ಗದ್ದೆ ಯಾರದು?

ಪ್ರೀತಿಯ ಗೆಳೆಯಾ,

ಮಾನವಶಾಸ್ತ್ರದ ಸಂಶೋಧನೆಗೆ ಸೇರಿದೆಯೆಂದು ತಿಳಿದು ಹಿಗ್ಗಿದೆ. ದೀಪಾವಳಿ ಕಳೆದ ಮೇಲೆ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಬಂದು ನೇಮಗಳನ್ನು, ಅಂದರೆ ದೈವ ಕಟ್ಟಿ ಕುಣಿಯುವ ಭೂತಕೋಲಗಳನ್ನು, ದಾಖಲಿಸುತ್ತೇನೆ ಎಂದಿದ್ದೀ. ಬಾ, ನಮ್ಮಲ್ಲೇ ಉಳಿ. ಆದರೆ ಬರುವ ಮೊದಲು ಮಾನವಶಾಸ್ತ್ರಜ್ಞೆ ಕ್ಯಾಥ್ಲೀನ್ ಗಫ್ ಅವರನ್ನು ಓದು ಮಾರಾಯ.

1925ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಅವರು ಕೇಂಬ್ರಿಜ್‌ನಲ್ಲಿ ಕಲಿತು, 1947ರಲ್ಲಿ ಮಲಬಾರಿಗೆ ಬಂದರು. ಡೇವಿಡ್ ಷ್ನೈಡರ್ ಜೊತೆ 1961ರಲ್ಲಿ ಸಂಪಾದಿಸಿದ ಗ್ರಂಥದಲ್ಲಿ ಉತ್ತರ ಕೇರಳದ ನಾಯರು, ತೀಯರು, ಮಾಪಿಳ್ಳೆಯರ ತಾಯಿವಂಶದ ಕುಟುಂಬಗಳ ಬಗ್ಗೆ ಬರೆದಿದ್ದಾರೆ. ಆ ಕುಟುಂಬಗಳು ಒಡೆದದ್ದಕ್ಕೆ ಕಾಲ ಕೆಟ್ಟಿತೆಂದು ಅವರು ಹಲುಬಲಿಲ್ಲ. ಭೂಮಿ ಪೇಟೆಯ ಸರಕಾದದ್ದನ್ನು, ಸಂಬಳದ ನೌಕರಿ ಬಂದದ್ದನ್ನು ತೋರಿಸಿದರು. ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಅಳಿಯಕಟ್ಟಿನ ಮನೆಯಲ್ಲಿ ಬೆಳೆದ ನನಗೆ, ಮಾವಂದಿರ ಪಾಲುಪಟ್ಟಿ ಜಗಳದ ಬುಡ ಆಗ ಕಾಣಿಸಿತು.

ತಂಜಾವೂರಿನ ಹಳ್ಳಿಗಳಲ್ಲಿ 1951ರಿಂದ ಕೆಲಸ ಮಾಡಿದವರು 1976ರಲ್ಲಿ ಮತ್ತೆ ಅಲ್ಲಿಗೇ ಹೋದರು. ನಡುವೆ ಅವರು ತೆತ್ತ ಬೆಲೆ ಸಣ್ಣದಲ್ಲ. 1962ರಲ್ಲಿ ಕ್ಯೂಬಾದ ಪರ ಮಾತಾಡಿದ ಮೇಲೆ ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯ ಬಿಡಬೇಕಾಯಿತು. 1969ರ ಮುಷ್ಕರದ ಹೊತ್ತಿಗೆ ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಅಮಾನತು. ಮಾನವಶಾಸ್ತ್ರ ಸಾಮ್ರಾಜ್ಯಶಾಹಿಯ ಕೂಸು ಎಂದು 1968ರಲ್ಲೇ ಬರೆದಿದ್ದರು. ತನ್ನ ಶಾಸ್ತ್ರವನ್ನೇ ಹೀಗೆ ಕೆಣಕಿ ಕೇಳಿದ ಈ ಧೈರ್ಯ ನನಗೆ ತುಂಬ ದೊಡ್ಡದು.

ನೀನೂ ಹಾಗೆ ಕೇಳುತ್ತ ನೇಮ ನೋಡು. ಅಲ್ಲಿ ನಿನ್ನ ಕಣ್ಣಿಗೆ ಮೊದಲು ಬೀಳುವುದು ಬೆನ್ನಿಗೆ ಕಟ್ಟುವ ಅಣಿ, ದೊಂದಿಯ ಬೆಳಕು, ಕಾಲಿನ ಗಗ್ಗರ. ದೈವ ನುಡಿ ಕೊಡುವಾಗ ಗುತ್ತಿನ, ಅಂದರೆ ಊರಿನ ದೊಡ್ಡ ಮನೆತನದ, ಯಜಮಾನ ಕೈಮುಗಿದು ನಿಲ್ಲುತ್ತಾನೆ. ಬೆಳಗಾದ ಮೇಲೆ, ದೈವ ಕಟ್ಟಿ ಬಣ್ಣ ತೊಳೆದವನು ಅದೇ ಮನೆಯ ಅಂಗಳದಲ್ಲಿ ಎಲ್ಲಿ ಕೂರುತ್ತಾನೆ, ಅವನಿಗೆ ಊಟ ಎಲ್ಲಿ ಬಡಿಸುತ್ತಾರೆ, ಅದನ್ನು ನೋಡು. ಕೋಲ ನಡೆಯುವ ಗದ್ದೆಯನ್ನು ಮೊದಲು ಚಾಲಗೇಣಿಗೆ, ಅಂದರೆ ಒಡೆಯ ಬೇಡವೆಂದಾಗ ಬಿಡಬೇಕಾದ ಗೇಣಿಗೆ, ಮಾಡುತ್ತಿದ್ದವರು ಯಾರೆಂದು ಕೇಳು. 1970ರ ಜನವರಿ 1ರಿಂದ ಕೇರಳದಲ್ಲಿ ಜಮೀನ್ದಾರಿ ಗೇಣಿ ಹೋಯಿತು, ಒಕ್ಕಲುಗಳು ಭೂಮಿಯ ಒಡೆಯರಾದರು. ಆದರೆ ದೈವ ಕಟ್ಟುವವರಲ್ಲಿ ಎಷ್ಟು ಮಂದಿಯ ಹೆಸರಿಗೆ ಗದ್ದೆ ಬಂತು? ಈಗ ನೇಮಕ್ಕೆ ಹಣ ಎಲ್ಲಿಂದ ಬರುತ್ತದೆ, ಗುತ್ತಿನ ಬೆಳೆಯಿಂದಲೋ ಗಲ್ಫಿನಿಂದಲೋ? ಇವನ್ನು ಬಿಟ್ಟು ಬರೀ ಕುಣಿತ ಬರೆದರೆ ಅರ್ಧ ಊರೇ ಬಿಟ್ಟುಹೋಗುತ್ತದೆ.

ನಮ್ಮಜ್ಜನ ಕಾಲದ ಗೇಣಿಚೀಟುಗಳನ್ನು ಹೊರಗೆ ತೆಗೆದಿಟ್ಟಿದ್ದೇನೆ. 1956ರಲ್ಲಿ ಕೇರಳಕ್ಕೆ ಸೇರುವ ಮೊದಲು ನಾವು ದಕ್ಷಿಣ ಕನ್ನಡ ಜಿಲ್ಲೆಯವರಾಗಿದ್ದೆವಲ್ಲ, ಎಲ್ಲ ಕನ್ನಡದಲ್ಲೇ ಇವೆ. ಮೊದಲ ದಿನ ಅವನ್ನು ಓದೋಣ, ಆಮೇಲೆ ನೇಮಕ್ಕೆ ಹೋಗೋಣ. ಬರುವ ದಿನ ತಿಳಿಸು.

ನಿನ್ನ ಗೆಳೆಯ