ದಸರಾ ರಜೆಯ ಹಾಕಿ ಪಂದ್ಯಾವಳಿ ಮತ್ತು ಶಾಲೆಯ ಮೊಹರು: ಪೋಷಕರಿಗೆ ಪತ್ರ

ಕಾರವಾರ

ವಿಷಯ: ಹೊರರಾಜ್ಯದ ಖಾಸಗಿ ಹಾಕಿ ಪಂದ್ಯಾವಳಿಗೆ ಬೋನಾಫೈಡ್ ಪತ್ರ ಕೊಡದಿರುವ ಬಗ್ಗೆ

ಪ್ರಿಯ ಪೋಷಕರೇ,

ಸಪ್ರೇಮ ನಮಸ್ಕಾರಗಳು.

ಚೌತಿ ರಜೆ ಮುಗಿದು ಶಾಲೆ ಶುರುವಾದ ದಿನವೇ ನಿಮ್ಮಲ್ಲಿ ಕೆಲವರು ಸಹಿ ಮಾಡಿದ ಮನವಿ ನನ್ನ ಕೈಸೇರಿತು. ಒಂದು ಪ್ರತಿ ಆಡಳಿತ ಮಂಡಳಿಗೆ, ಇನ್ನೊಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಹೋಗಿದೆ ಎಂದೂ ಗೊತ್ತಾಯಿತು. ಹೋಗಲಿ, ಅದು ನಿಮ್ಮ ಹಕ್ಕು. ಆದರೆ ಶಾಲೆ ಮಕ್ಕಳ ಭವಿಷ್ಯಕ್ಕೆ ಕಲ್ಲು ಹಾಕಿದೆ ಎಂಬ ಮಾತು ಅದರಲ್ಲಿದೆ, ಪಿ.ಟಿ. ಮಾಸ್ತರರು ಯಾವುದೋ ಲಾಭಕ್ಕಾಗಿ ಅಡ್ಡಗಾಲು ಹಾಕಿದರು ಎಂಬ ಆರೋಪವೂ ಇದೆ. ಸುಮ್ಮನಿದ್ದರೆ ಒಪ್ಪಿಕೊಂಡಂತಾಗುತ್ತದೆ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದವಾಗಿದೆ, ಸಾವಕಾಶ ಓದಿ.

ಮೊದಲು ಮಾಸ್ತರರ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮೈದಾನ ಮೈದಾನವಾಗಿರುವುದಿಲ್ಲ, ಕೆರೆಯಾಗಿರುತ್ತದೆ. ಆ ದಿನಗಳಲ್ಲಿ ಅವರು ಪ್ರಾರ್ಥನೆಯ ಗಂಟೆಗೆ ಮೊದಲೇ ಬಂದು, ಪಡಸಾಲೆಯ ಸಿಮೆಂಟ್ ನೆಲದ ಮೇಲೆ ಮಕ್ಕಳಿಗೆ ಚೆಂಡು ತಡೆಯುವುದನ್ನೂ ತಳ್ಳುವುದನ್ನೂ ಕಲಿಸುತ್ತಾರೆ. ಮಳೆ ಹೊಳವಾದ ಮೇಲೆ ಕೆಂಪುಮಣ್ಣು ಕೊಚ್ಚಿಹೋಗಿ ಚಿರೆಕಲ್ಲಿನ ಚೂರುಗಳು ಎದ್ದಿರುತ್ತವೆ. ಬುಟ್ಟಿ ಹಿಡಿದು ಅವನ್ನು ಹೆಕ್ಕುವವರಲ್ಲಿ ಮೊದಲಿಗರೂ ಅವರೇ. ಹಾಕಿ ಚೆಂಡು ಕನಿಷ್ಠ 156 ಗ್ರಾಂ ತೂಗುತ್ತದೆ, ಕಲ್ಲಿಗೆ ಬಡಿದು ಪುಟಿದರೆ ನೇರ ಮೊಣಕಾಲಿನ ಕೆಳಗಿನ ಎಲುಬಿಗೇ ಬೀಳುತ್ತದೆ. ಇಷ್ಟು ಮಾಡುವವರಿಗೆ ಮಕ್ಕಳನ್ನು ತಡೆದು ಆಗಬೇಕಾದ್ದೇನು?

ಈಗ ವಿಷಯಕ್ಕೆ ಬರುತ್ತೇನೆ. ಜುಲೈ ಕೊನೆಯಲ್ಲಿ ನಿಮ್ಮ ವಾಟ್ಸಾಪ್ ಗುಂಪಿಗೆ ಒಂದು ಕರಪತ್ರ ಬಂತು. ದಸರಾ ರಜೆಯಲ್ಲಿ ಹೊರರಾಜ್ಯವೊಂದರಲ್ಲಿ ‘ರಾಷ್ಟ್ರೀಯ ಹಾಕಿ ಚಾಂಪಿಯನ್‌ಶಿಪ್’. ತಲೆಗೆ ಆರು ಸಾವಿರ ರೂಪಾಯಿ. ಟೀ ಶರ್ಟ್, ಪದಕ, ‘ನ್ಯಾಷನಲ್ ಲೆವೆಲ್’ ಪ್ರಮಾಣಪತ್ರ, ಜೊತೆಗೆ ‘ಕ್ರೀಡಾ ಕೋಟಾಕ್ಕೆ ಉಪಯುಕ್ತ’ ಎಂಬ ಒಂದು ಸಾಲು. ಆಯ್ಕೆ ಪಂದ್ಯ ಇಲ್ಲ, ಹಣ ಕಟ್ಟಿದವರೆಲ್ಲ ಆಯ್ಕೆಯಾದವರೇ. ಹೋಗಲು ಬೇಕಾದ್ದು ಶಾಲೆಯ ಬೋನಾಫೈಡ್ ಪತ್ರ, ಅಂದರೆ ಈ ಮಗು ನಮ್ಮ ಶಾಲೆಯದೇ ಎಂದು ಬರೆದುಕೊಡುವ ಕಾಗದ, ಮತ್ತು ಮೊಹರು. ಅದನ್ನು ನಾನು ಕೊಡಲಿಲ್ಲ. ಕೊಡುವುದೂ ಇಲ್ಲ.

ಪೋಷಕರೊಬ್ಬರು ತಮ್ಮ ನೆಂಟರ ಹುಡುಗ ಹಿಂದೆ ಇಂಥದೇ ಪಂದ್ಯಾವಳಿಯಲ್ಲಿ ಪಡೆದ ಪ್ರಮಾಣಪತ್ರವನ್ನು ನನಗೆ ತೋರಿಸಲು ತಂದಿದ್ದರು. ಲ್ಯಾಮಿನೇಷನ್ ಮಾಡಿಸಿದ್ದು, ಸುತ್ತ ಚಿನ್ನದ ಬಣ್ಣದ ಅಂಚು, ಮೇಲೆ ತ್ರಿವರ್ಣ, ಮಧ್ಯದಲ್ಲಿ ಚಕ್ರದಂಥ ಲಾಂಛನ. ನೋಡಲು ಬಲು ಚೆಂದ. ಕೆಳಗೆ ‘ಆರ್ಗನೈಸಿಂಗ್ ಸೆಕ್ರೆಟರಿ’ ಎಂದು ಒಂದು ಸಹಿ. ಯಾವ ಸಂಸ್ಥೆಯ ಕಾರ್ಯದರ್ಶಿ ಎಂದು ಬರೆದಿಲ್ಲ. ಹುಡುಗ ಯಾವ ರಾಜ್ಯದ ಪರ ಆಡಿದ ಎಂದಿಲ್ಲ. ಜನ್ಮದಿನಾಂಕದ ಜಾಗ ಖಾಲಿ. ದಾಖಲೆ ಪರಿಶೀಲನೆಯ ಮೇಜಿನಲ್ಲಿ ಕುಳಿತ ಗುಮಾಸ್ತ ಆ ಖಾಲಿ ಜಾಗವನ್ನೇ ಮೊದಲು ನೋಡುತ್ತಾನೆ, ಚಿನ್ನದ ಅಂಚನ್ನಲ್ಲ.

ಹಾಗಾದರೆ ಯಾವ ಕಾಗದಕ್ಕೆ ಬೆಲೆ? ಅದನ್ನು ನಿರ್ಧರಿಸುವುದು ನಾನಲ್ಲ, ಮಾಸ್ತರರಲ್ಲ. ಕೇಂದ್ರ ಸರ್ಕಾರದ ನೌಕರಿಗೆ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕುವವರಿಗೆ 1980ರಿಂದಲೂ ನಮೂನೆಗಳಿವೆ. ದೇಶದ ಪರ ಆಡಿದವರಿಗೆ ಆ ಆಟದ ರಾಷ್ಟ್ರೀಯ ಫೆಡರೇಷನ್ನಿನ ಕಾರ್ಯದರ್ಶಿಯ ಸಹಿ ಬೇಕು. ರಾಷ್ಟ್ರೀಯ ಪಂದ್ಯಾವಳಿಯಲ್ಲಿ ರಾಜ್ಯದ ಪರ ಆಡಿದವರಿಗೆ ರಾಜ್ಯ ಸಂಸ್ಥೆಯ ಕಾರ್ಯದರ್ಶಿಯದು, ರಾಷ್ಟ್ರೀಯ ಶಾಲಾ ಕ್ರೀಡಾಕೂಟದಲ್ಲಿ ಆಡಿದ ಮಕ್ಕಳಿಗೆ ಶಿಕ್ಷಣ ಇಲಾಖೆಯ ನಿರ್ದೇಶನಾಲಯದ ಅಧಿಕಾರಿಯದು. ಇನ್ನೊಂದು ವಿಶ್ವವಿದ್ಯಾಲಯಗಳ ಮಟ್ಟದ್ದು, ಅದು ಸದ್ಯ ನಮ್ಮ ಮಕ್ಕಳಿಗೆ ದೂರದ ಮಾತು. ‘ಆರ್ಗನೈಸಿಂಗ್ ಸೆಕ್ರೆಟರಿ’ಗೆ ಇವುಗಳಲ್ಲಿ ಎಲ್ಲೂ ಜಾಗವಿಲ್ಲ.

ಹಾಕಿಯಲ್ಲಿ ಆ ರಾಷ್ಟ್ರೀಯ ಫೆಡರೇಷನ್ ಎಂದರೆ ಹಾಕಿ ಇಂಡಿಯಾ, ನಮ್ಮ ರಾಜ್ಯದಲ್ಲಿ ಅದರ ಘಟಕ ಹಾಕಿ ಕರ್ನಾಟಕ. ಸೇನಾಪಡೆಗಳ ಸರ್ವಿಸಸ್, ರೈಲ್ವೇಸ್‌ನಂಥವೂ ಹಾಕಿ ಇಂಡಿಯಾದ ಸದಸ್ಯ ಘಟಕಗಳೇ. ಅಮದಳ್ಳಿ ಕಡೆಯ ನೌಕಾನೆಲೆಯ ಪೋಷಕರಿಗೆ ಇದು ನನಗಿಂತ ಚೆನ್ನಾಗಿ ಗೊತ್ತು. ಮೇಲೆ, ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿರುವ ಅಂತರರಾಷ್ಟ್ರೀಯ ಹಾಕಿ ಫೆಡರೇಷನ್. ಅದು ಹುಟ್ಟಿದ್ದು 1924ರಲ್ಲಿ. ಆಟದ ನಿಯಮ ಬರೆಯುವುದು ಅದು. ಮಕ್ಕಳು ಹಿಡಿಯುವ ಸ್ಟಿಕ್ಕು 51 ಮಿಲಿಮೀಟರ್ ಒಳವ್ಯಾಸದ ಬಳೆಯೊಳಗೆ ಹಾದುಹೋಗಬೇಕು ಎಂಬುದೂ ಅಲ್ಲಿಂದಲೇ ಬಂದದ್ದು. ಆ ನಿಯಮದಂತೆ ಇಲ್ಲಿ ಆಟ ನಡೆಸುವುದು, ರಾಷ್ಟ್ರೀಯ ಪಂದ್ಯಾವಳಿ ಏರ್ಪಡಿಸುವುದು, ಆಟಗಾರರನ್ನು ನೋಂದಾಯಿಸಿ ವಯಸ್ಸು ಪರಿಶೀಲಿಸುವುದು, ಅಂಪೈರ್‌ಗಳನ್ನೂ ಕೋಚ್‌ಗಳನ್ನೂ ತಯಾರು ಮಾಡುವುದು, ಶಿಬಿರ ನಡೆಸಿ ಭಾರತ ತಂಡವನ್ನು ಆರಿಸುವುದು ಹಾಕಿ ಇಂಡಿಯಾದ ಕೆಲಸ. ಶಾಲಾ ಮಕ್ಕಳಿಗೆ ಇನ್ನೊಂದು ದಾರಿಯೂ ಇದೆ: ಶಿಕ್ಷಣ ಇಲಾಖೆಯ ಕ್ರೀಡಾಕೂಟ. ತಾಲೂಕು, ಜಿಲ್ಲೆ, ಬೆಳಗಾವಿ ವಿಭಾಗ, ರಾಜ್ಯ, ಅಲ್ಲಿಂದ ರಾಷ್ಟ್ರೀಯ ಶಾಲಾ ಕ್ರೀಡಾಕೂಟ. 14, 17, 19 ವರ್ಷದೊಳಗಿನವರಿಗೆ ಬೇರೆ ಬೇರೆ. ಇದಕ್ಕೆ ಆರು ಸಾವಿರ ಬೇಡ, ಗೆಲ್ಲಬೇಕು ಅಷ್ಟೆ. ಕಷ್ಟ ಇರುವುದೂ ಅಲ್ಲೇ.

ಪೋಷಕರ ಸಭೆಯಲ್ಲಿ ವಕೀಲರಾಗಿರುವ ಒಬ್ಬರು ಕೇಳಿದ ಪ್ರಶ್ನೆಗೆ ಇಲ್ಲಿ ಬರೆದೇ ಉತ್ತರಿಸಬೇಕು, ಏಕೆಂದರೆ ಅದು ಒಳ್ಳೆಯ ಪ್ರಶ್ನೆ. “ಇಡೀ ದೇಶದ ಹಾಕಿಯನ್ನು ಒಂದೇ ಸಂಸ್ಥೆಗೆ ಗುತ್ತಿಗೆ ಕೊಟ್ಟವರು ಯಾರು? ಅವರೇನು ಸಾಚಾಗಳೇ?” ಎಂದರು.

ಸಾಚಾಗಳು ಎಂದು ನಾನು ಎಲ್ಲೂ ಹೇಳಿಲ್ಲ. ಹಿಂದಿನ ಇಂಡಿಯನ್ ಹಾಕಿ ಫೆಡರೇಷನ್ 1925ರಲ್ಲಿ ಹುಟ್ಟಿದ್ದು, 1928ರ ಆಮ್‌ಸ್ಟರ್‌ಡ್ಯಾಮ್ ಚಿನ್ನ ಅದರ ಕಾಲದ್ದು. ಅದೇ ಫೆಡರೇಷನ್ ಇದ್ದಾಗ 2008ರಲ್ಲಿ ಪುರುಷರ ತಂಡ ಒಲಿಂಪಿಕ್ಸ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ. 1928ರಿಂದ ಹಾಗಾದದ್ದು ಅದೇ ಮೊದಲು. ಆ ವರ್ಷವೇ ಭಾರತೀಯ ಒಲಿಂಪಿಕ್ ಸಂಸ್ಥೆ ಆ ಫೆಡರೇಷನ್ನನ್ನು ಅಮಾನತಿನಲ್ಲಿಟ್ಟಿತು, 2009ರಲ್ಲಿ ಪುರುಷರಿಗೂ ಮಹಿಳೆಯರಿಗೂ ಸೇರಿ ಒಂದೇ ಸಂಸ್ಥೆಯಾಗಿ ಹಾಕಿ ಇಂಡಿಯಾ ಬಂತು. ಹಳೆಯದು ಸುಮ್ಮನಿರಲಿಲ್ಲ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತೆ ವರ್ಷಗಟ್ಟಲೆ ಜಗ್ಗಾಟ ನಡೆಯಿತು. 2012ರಲ್ಲಿ ಹಳೆಯ ಫೆಡರೇಷನ್ ಖಾಸಗಿ ಕಂಪನಿಯೊಂದರ ಜೊತೆ ಎಂಟು ತಂಡಗಳ ‘ವರ್ಲ್ಡ್ ಸೀರೀಸ್ ಹಾಕಿ’ ಎಂಬ ಲೀಗ್ ನಡೆಸಿತು. ಹಾಕಿ ಇಂಡಿಯಾ ಅದಕ್ಕೆ ಮಾನ್ಯತೆ ಕೊಡಲಿಲ್ಲ. ಆಡಿದವರಿಗೆ ರಾಷ್ಟ್ರೀಯ ತಂಡದ ಬಾಗಿಲು ಮುಚ್ಚುವ ಭಯವಿತ್ತು. ಧನರಾಜ್ ಪಿಳ್ಳೈಯವರಂಥ ದೊಡ್ಡ ಆಟಗಾರರೇ ಹಾಕಿ ಇಂಡಿಯಾದ್ದು ಏಕಸ್ವಾಮ್ಯ ಎಂದು, ಇಂಥ ದೂರುಗಳನ್ನು ವಿಚಾರಿಸುವ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. 2013ರಲ್ಲಿ ಆಯೋಗ ಕಾನೂನಿನ ಉಲ್ಲಂಘನೆ ಕಂಡುಬಂದಿಲ್ಲ ಎಂದಿತು. ಆದರೆ ಆಟವನ್ನು ನಿಯಂತ್ರಿಸುವ ಅಧಿಕಾರವನ್ನೂ ಹಣ ತರುವ ವ್ಯವಹಾರವನ್ನೂ ಬೆರೆಸದಂತೆ ಒಳಗೊಂದು ವ್ಯವಸ್ಥೆ ಇರಲಿ ಎಂದೂ ಹೇಳಿತು. ಆ ಲೀಗ್ ಒಂದೇ ಋತುವಿಗೆ ನಿಂತಿತು. ಸಿಕ್ಕಿಹಾಕಿಕೊಂಡವರು ಆಟಗಾರರು. ಸಂಸ್ಥೆಗಳ ಕಾದಾಟದಲ್ಲಿ ಯಾವಾಗಲೂ ಹೀಗೇ.

2022ರಲ್ಲಿ ದೆಹಲಿ ಹೈಕೋರ್ಟ್ ಹಾಕಿ ಇಂಡಿಯಾದ ಆಡಳಿತವನ್ನೇ ಸಮಿತಿಯೊಂದಕ್ಕೆ ವಹಿಸಿತು. ಚುನಾವಣೆಯಾಗಿ ಮಾಜಿ ನಾಯಕ ದಿಲೀಪ್ ತಿರ್ಕಿ ಅಧ್ಯಕ್ಷರಾದದ್ದು ಆ ಸೆಪ್ಟೆಂಬರಿನಲ್ಲಿ. 2025ರಲ್ಲಿ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಬಂದಿದೆ, ಫೆಡರೇಷನ್‌ಗಳಿಗೆ ಮಾನ್ಯತೆ ಕೊಡುವ ಮಂಡಳಿ, ವ್ಯಾಜ್ಯಗಳಿಗೆ ನ್ಯಾಯಮಂಡಳಿ ಎರಡಕ್ಕೂ ಅದರಲ್ಲಿ ಅವಕಾಶವಿದೆ. ಅಂದರೆ ಹಾಕಿ ಇಂಡಿಯಾದ ಮೇಲೆ ದೂರಿದ್ದರೆ ಹೋಗಿ ಕೇಳಲು ಜಾಗಗಳಿವೆ, ಕೇಳಿದವರೂ ಇದ್ದಾರೆ. ಕರಪತ್ರದ ಸಂಸ್ಥೆಯ ಮೇಲೆ ದೂರಿದ್ದರೆ ಎಲ್ಲಿ ಹೋಗುತ್ತೀರಿ? ಅದರಲ್ಲಿದ್ದದ್ದು ಒಂದು ಮೊಬೈಲ್ ನಂಬರ್ ಮತ್ತು ಹಣ ಕಳಿಸುವ ಕ್ಯೂಆರ್ ಕೋಡ್.

ನಮ್ಮ ಬಂದರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನೋಂದಣಿಯಿಲ್ಲದ ದೋಣಿಗೆ ಸಬ್ಸಿಡಿ ಡೀಸೆಲ್ ಸಿಗುವುದಿಲ್ಲ. ಹಾಗೆಂದು ಆ ದೋಣಿ ತೇಲುವುದಿಲ್ಲ ಎಂದಲ್ಲ. ಖಾಸಗಿ ಪಂದ್ಯಾವಳಿಯಲ್ಲಿ ಆಡಿದರೆ ಮಕ್ಕಳು ಕೆಡುತ್ತಾರೆ ಎಂದು ನಾನು ಹೇಳುತ್ತಿಲ್ಲ. ಕೊಡಗಿನಲ್ಲಿ 1997ರಿಂದ ಕುಟುಂಬಗಳ ನಡುವೆ ಹಾಕಿ ಹಬ್ಬ ನಡೆಯುತ್ತಿದೆ, 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳ ತಂಡಗಳು ಆಡಿದವು. ಅಲ್ಲಿ ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಇರಬಹುದು. ಅಷ್ಟು ಸೊಗಸಾದ ಕೂಟವೂ ತನ್ನನ್ನು ‘ರಾಷ್ಟ್ರೀಯ ಚಾಂಪಿಯನ್‌ಶಿಪ್’ ಎಂದು ಕರೆದುಕೊಂಡು ಕೋಟಾದ ಆಸೆ ತೋರಿಸುವುದಿಲ್ಲ. ಖುಷಿಗೆ ಆಡುವ ಆಟವನ್ನು ಖುಷಿಗೆಂದೇ ಹೇಳಿ ಕರೆದರೆ ನನ್ನದೇನೂ ತಕರಾರಿಲ್ಲ.

ರಜೆಯಲ್ಲಿ ನಿಮ್ಮ ಮಗುವನ್ನು ನೀವು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ ಎಂಬುದು ನಿಮಗೆ ಬಿಟ್ಟದ್ದು. ಹೋಗಿ ಬಂದ ಮಗುವಿನ ಮೇಲೆ ಶಾಲೆಯಲ್ಲಿ ಯಾರೂ ಮುಖ ಸಿಂಡರಿಸುವುದಿಲ್ಲ, ತಂಡದಿಂದ ತೆಗೆಯುವುದೂ ಇಲ್ಲ. ಆದರೆ ಶಾಲೆಯ ಮೊಹರು ಬೇರೆ ಮಾತು. ಮೊಹರು ಒತ್ತಿದರೆ “ಇದು ಸರಿಯಾದ ಕೂಟ, ನಾವು ವಿಚಾರಿಸಿದ್ದೇವೆ” ಎಂದು ನಾವು ಬರೆದುಕೊಟ್ಟಂತೆ. ಅಲ್ಲಿ ಮಗು ಬಿದ್ದು ಹಲ್ಲು ಮುರಿದುಕೊಂಡರೆ, ರಾತ್ರಿ ಉಳಿದುಕೊಳ್ಳುವ ವ್ಯವಸ್ಥೆ ಹದಗೆಟ್ಟಿದ್ದರೆ, ಆಗ ಮೊದಲು ಕೇಳುವ ಪ್ರಶ್ನೆ “ಶಾಲೆ ಹೇಗೆ ಕಳಿಸಿತು?” ಎಂಬುದೇ. ಕೇಳುವವರೂ ನೀವೇ ಆಗಿರುತ್ತೀರಿ, ಕೇಳಲೂಬೇಕು.

ಮನವಿಯಲ್ಲಿ ಒಂದು ವಾಕ್ಯ ನನ್ನನ್ನು ತಟ್ಟಿತು. “ನಮ್ಮ ಮಗಳು ಜಿಲ್ಲಾ ಮಟ್ಟ ದಾಟಲಾರಳು, ಅವಳಿಗೂ ಒಂದು ಪದಕ ಬೇಡವೇ?” ಎಂದು ತಾಯಿಯೊಬ್ಬರು ಬರೆದಿದ್ದಾರೆ. ತಾಯೀ, ಖಂಡಿತ ಬೇಕು. ಆ ಹುಡುಗಿ ಎಡಬದಿಗೆ ಬಂದ ಚೆಂಡಿಗೆ ಸ್ಟಿಕ್ಕನ್ನು ತಿರುವಿ ತಡೆಯುವುದನ್ನು ಈ ಮಳೆಗಾಲದಲ್ಲಿ ಕಲಿತಿದ್ದಾಳೆ. ಬಹಳ ಜನರಿಗೆ ಅದು ಬೇಗ ಬರುವುದಿಲ್ಲ. ಜಿಲ್ಲಾ ಮಟ್ಟ ದಾಟುವುದಿಲ್ಲ ಎಂದು ನಾವು ಈಗಲೇ ಏಕೆ ಬರೆದುಬಿಡಬೇಕು? ಆಕೆಯಂಥವರಿಗಾಗಿಯೇ ನವೆಂಬರಿನಲ್ಲಿ ಸುತ್ತಲಿನ ಶಾಲೆಗಳನ್ನು ಕರೆದು ನಮ್ಮ ಮೈದಾನದಲ್ಲೇ ಏಳು ಜನರ ತಂಡಗಳ ಸ್ನೇಹ ಪಂದ್ಯಗಳನ್ನು ನಡೆಸಲು ಆಡಳಿತ ಮಂಡಳಿ ಒಪ್ಪಿದೆ. ಪದಕವೂ ಇರುತ್ತದೆ. ಪ್ರಮಾಣಪತ್ರದಲ್ಲಿ ‘ಅಂತರಶಾಲಾ ಸ್ನೇಹ ಪಂದ್ಯ’ ಎಂದೇ ಇರುತ್ತದೆ.

ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ಬೇಸರಿಸಬೇಡಿ. ಶಿಕ್ಷಣ ಇಲಾಖೆಯ ಕೂಟಗಳು, ಹಾಕಿ ಕರ್ನಾಟಕ ಅಥವಾ ಹಾಕಿ ಇಂಡಿಯಾ ನಡೆಸುವ ಅಥವಾ ಒಪ್ಪಿದ ಕೂಟಗಳು, ಇವುಗಳಿಗೆ ಬೋನಾಫೈಡ್ ಕೇಳಿದ ದಿನವೇ ಸಿಗುತ್ತದೆ, ಹಾಜರಾತಿಯ ರಿಯಾಯಿತಿಯೂ ಇದೆ. ಉಳಿದವಕ್ಕೆ ಇಲ್ಲ. ಇದರಲ್ಲಿ ಯಾರಿಗೂ ವಿನಾಯಿತಿ ಇಲ್ಲ. ಆಡಳಿತ ಮಂಡಳಿಯ ಸದಸ್ಯರ ಮಕ್ಕಳಿಗೂ ಇಲ್ಲ. ಇದನ್ನು ಬರೆಯುವಂತೆ ಹೇಳಿದವರೂ ಅವರೇ.

ನಿಮ್ಮಲ್ಲಿ ಕೇಳುವುದಿಷ್ಟೇ: ಹಣ ಕಟ್ಟುವ ಮೊದಲು ಕರಪತ್ರವನ್ನು ಒಮ್ಮೆ ಶಾಲೆಗೆ ತಂದು ತೋರಿಸಿ.

ಈಗಾಗಲೇ ಮುಂಗಡ ಕಟ್ಟಿದವರು ರಶೀದಿಯ ಪ್ರತಿ ತನ್ನಿ. ಹಣ ವಾಪಸ್ ಕೇಳಿ ಪತ್ರ ಬರೆಯಲು ಕಚೇರಿಯ ಸಿಬ್ಬಂದಿ ನೆರವಾಗುತ್ತಾರೆ. ಮಾಸ್ತರರ ಮೇಲಿನ ಆರೋಪಕ್ಕೆ ಆಧಾರವಿದ್ದರೆ ಅದನ್ನೂ ತನ್ನಿ. ಇಲ್ಲದಿದ್ದರೆ ಆ ಸಾಲನ್ನು ಹಿಂದೆಗೆದುಕೊಂಡು ಎರಡು ಮಾತು ಬರೆದುಕೊಡಿ. ಅವರು ನನ್ನ ಹತ್ತಿರ ಏನೂ ಹೇಳಿಲ್ಲ, ಇದು ನಾನು ಕೇಳುತ್ತಿರುವುದು.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯಾಧ್ಯಾಪಕಿ

ವಿ.ಸೂ.: ಹಾಕಿ ತಂಡದ ಮಕ್ಕಳು ಜನನ ಪ್ರಮಾಣಪತ್ರದ ನಕಲನ್ನು ಇದೇ ಶನಿವಾರದೊಳಗೆ ತರಬೇಕು. ಶಾಲೆಯ ದಾಖಲೆಯಲ್ಲಿರುವ ಹೆಸರು ಮತ್ತು ಜನ್ಮದಿನಾಂಕಕ್ಕೆ ಅದು ತಾಳೆಯಾಗುತ್ತದೆಯೇ ಎಂದು ಮನೆಯಲ್ಲೇ ಒಮ್ಮೆ ನೋಡಿ ಕಳಿಸಿ. ಮೊಣಕಾಲಿನ ಕೆಳಗೆ ಕಟ್ಟುವ ಶಿನ್ ಗಾರ್ಡ್ ಇಲ್ಲದವರಿಗೆ ಶಾಲೆಯಲ್ಲಿ ಕೆಲವು ಜೊತೆಗಳಿವೆ, ಮಾಸ್ತರರಲ್ಲಿ ಕೇಳಿ ಪಡೆಯಬಹುದು.